ಹಡಗಿಗೊಂದು ನೈಟಿ

ಮಾದೇಶ್ ಐದನೆಯ ನೈಟಿಯನ್ನು ಕೊಡವಿ ಗಾಜಿನ ಮೇಜಿನ ಮೇಲೆ ಹರಡಿದಾಗ ನಾಗವೇಣಿ ಮತ್ತೊಮ್ಮೆ ತಿರುಗಿ ಅಂಗಡಿಯ ಬಾಗಿಲ ಕಡೆ ನೋಡಿದಳು. ಹೊಸೂರು ಬಸ್ ನಿಲ್ದಾಣದ ಎದುರಿನ ಅಂಗಡಿ ಅದು. ತನ್ನೂರು ಉದ್ದನಪಲ್ಲಿಯಿಂದ ಬಂದವರು ಯಾರು ಯಾವ ಗಳಿಗೆಯಲ್ಲಿ ಒಳಕ್ಕೆ ಕಾಲಿಡುತ್ತಾರೋ ಹೇಳುವ ಹಾಗಿಲ್ಲ.

"ಇದು ಫ್ಲಾನೆಲ್ಲು ಅಕ್ಕಾ, ಮೈಗೆ ಒಳ್ಳೆ ಬೆಚ್ಚಗಿರ್ತದೆ. ಊಟಿಗಾ, ಕೊಡೈಕಾನಲ್‌ಗಾ?" ಎಂದು ಮಾದೇಶ್ ಕೇಳಿದ.

"ನಾರ್ವೆಗೆ," ಎಂದಳು ಪಕ್ಕದಲ್ಲಿದ್ದ ಮಗಳು ಭೂಮಿಕಾ, ಫೋನಿನಿಂದ ತಲೆ ಎತ್ತದೆ. "ಹಡಗಲ್ಲಿ. ಮೈನಸ್ ಹತ್ತು."

ಮಾದೇಶನ ಕೈ ಅಲ್ಲೇ ನಿಂತಿತು. "ಅಯ್ಯಯ್ಯೋ, ಅಷ್ಟು ಕುಳಿರಾ! ಹಂಗಾದ್ರೆ ಒಂದರ ಮೇಲೊಂದು ಮೂರು ಹಾಕ್ಕೊಂಡ್ಬಿಡಿ ಅಕ್ಕಾ, ಮೂರೂ ಕಟ್ಲಾ?"

"ಮೆಲ್ಲಗೆ ಮಾತಾಡಪ್ಪಾ," ಎಂದು ನಾಗವೇಣಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೈಟಿ ನನಗಲ್ಲ. ಸುಮ್ನೆ ನೋಡಾನ ಅಂತ."

ಭೂಮಿಕಾ ಅಮ್ಮನ ಮುಖ ನೋಡಿ ತುಟಿ ಕಚ್ಚಿಕೊಂಡು ನಕ್ಕಳು. ಇಪ್ಪತ್ತು ವರ್ಷದಿಂದ ದಿನಾ ರಾತ್ರಿ ನೈಟಿ ಹಾಕಿಕೊಂಡೇ ಮಲಗುವ ಹೆಂಗಸು ಹೀಗೆ ಹೇಳಿದರೆ ನಗದೆ ಇನ್ನೇನು ಮಾಡಬೇಕು?

ಸಂಗತಿ ಇಷ್ಟು. ಉದ್ದನಪಲ್ಲಿಯಲ್ಲಿ ನಾಗವೇಣಿಯ ಗಂಡ ಲಕ್ಷ್ಮೀಪತಿಗೆ ಪೈಪು, ಮೋಟಾರು, ಹನಿ ನೀರಾವರಿ ಸಾಮಾನಿನ ಅಂಗಡಿ. ಸುತ್ತಮುತ್ತ ಟೊಮೇಟೊ, ಕ್ಯಾಪ್ಸಿಕಂ, ಗುಲಾಬಿ ಬೆಳೆಯುವವರೆಲ್ಲ ಅವನ ಗಿರಾಕಿಗಳು. ಆ ವರ್ಷ ಅವನ ಅಂಗಡಿಯಿಂದ ಪೈಪು ಎಷ್ಟು ಹೋಯಿತೆಂದರೆ, ಕಂಪನಿಯವರು ಹಿರಿಹಿರಿ ಹಿಗ್ಗಿ ಮನೆಯ ಇಬ್ಬರಿಗೆ ನಾರ್ವೆ ದೇಶದ ಹಡಗು ಪ್ರವಾಸ ಕೊಟ್ಟುಬಿಟ್ಟರು. ಫೆಬ್ರವರಿ ತಿಂಗಳು, ಹಿಮದ ಬೆಟ್ಟಗಳ ನಡುವೆ, ಆರು ರಾತ್ರಿ. ಆದರೆ ಲಕ್ಷ್ಮೀಪತಿಗೆ ನೀರೆಂದರೆ ಪೈಪಿನೊಳಗಿದ್ದಾಗ ಮಾತ್ರ ಧೈರ್ಯ. ಹೊಗೇನಕಲ್ಲಿನ ಹರಿಗೋಲಿನಲ್ಲಿ ಕೂತು, ಹುಟ್ಟು ಹಾಕುವವನ ಕಾಲು ತಬ್ಬಿಕೊಂಡು "ದಡಕ್ಕೆ ಬುಡಪ್ಪಾ ಸಾಮಿ" ಎಂದು ಗೋಗರೆದದ್ದನ್ನು ನೆಂಟರು ಇನ್ನೂ ಮರೆತಿಲ್ಲ. "ನಾನಂತೂ ಹಡಗು ಹತ್ತಲ್ಲ, ಯಾರಾನ ಹೋಗಿ ಬನ್ನಿ," ಎಂದು ಕೈ ಮುಗಿದುಬಿಟ್ಟ.

"ನಾನ್ ಹೋಯ್ತೀನಿ ಬುಡು," ಎಂದಳು ಅವನ ತಾಯಿ ಅಂಜಿನಮ್ಮ, ಅವರೆಕಾಯಿ ಸುಲಿಯುತ್ತಿದ್ದ ಮೊರದಿಂದ ಕಣ್ಣೆತ್ತದೆ. "ನನ್ ಪಾಸ್‌ಪೋರ್ಟ್ ಐತಲ್ಲಾ."

ಎಪ್ಪತ್ತಮೂರು ವರ್ಷದ ಮುದುಕಿಯ ಪಾಸ್‌ಪೋರ್ಟಿಗೂ ಒಂದು ಕಥೆ ಇತ್ತು. ಸಿಂಗಾಪುರದಲ್ಲಿದ್ದ ಮಗಳು ವನಿತಾಳ ಬಾಣಂತನಕ್ಕೆಂದು ಮಾಡಿಸಿದ್ದು. ಅಷ್ಟರಲ್ಲಿ ಕೊರೋನಾ ಬಂತು. ವನಿತಾಳೇ ಮಗು ಎತ್ತಿಕೊಂಡು ಹೊಸೂರಿಗೆ ವಾಪಸ್ಸು ಬಂದು ಮನೆ ಮಾಡಿದಳು. ಒಂದು ಮುದ್ರೆಯೂ ಬೀಳದ ಪಾಸ್‌ಪೋರ್ಟು ಬೀರುವಿನಲ್ಲಿ ಸೀರೆಗಳ ಕೆಳಗೆ ಬಿದ್ದುಕೊಂಡಿತ್ತು. ಅದು ಅಂಜಿನಮ್ಮನಿಗೆ ಒಳಗೊಳಗೇ ಕೊರೆಯುತ್ತಿದ್ದ ಸಂಗತಿ. ಹೀಗೆ ಅತ್ತೆ ಸೊಸೆ ಇಬ್ಬರೂ ಹೊರಡುವುದೆಂದಾಯಿತು. ಊರೆಲ್ಲ ಅದನ್ನು ಹೇಳಿಕೊಂಡು ನಕ್ಕು ಖುಷಿಪಟ್ಟಿತು. ನಾಗವೇಣಿಯೂ ಖುಷಿಪಟ್ಟಳು, ಹಡಗಿನ ಕೋಣೆಯ ಫೋಟೋ ಬರುವವರೆಗೆ.

ಫೋಟೋದಲ್ಲಿ ಬೆಂಕಿಪೊಟ್ಟಣದಂಥ ಒಂದು ಕೋಣೆ. ಎರಡು ಮಂಚ. ನಡುವೆ ಒಂದು ಮೊಳ ಜಾಗ. ಮರೆಗೆ ಒಂದು ಪರದೆಯೂ ಇಲ್ಲ.

ನಾಗವೇಣಿ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಅತ್ತೆಯ ಮುಂದೆ ಸೀರೆ ಬಿಟ್ಟು ಬೇರೆ ಉಡುಪಿನಲ್ಲಿ ಒಂದು ದಿನವೂ ನಿಂತವಳಲ್ಲ. ಅಂಜಿನಮ್ಮನಿಗೆ ಅದೇ ದೊಡ್ಡ ಹೆಮ್ಮೆ. ಮದುವೆ, ಸೀಮಂತ, ಗೃಹಪ್ರವೇಶ, ಎಲ್ಲಿ ನಾಲ್ಕು ಹೆಂಗಸರು ಸೇರಲಿ, "ನಮ್ ನಾಗವೇಣಿ ಮನಿಕೊಳ್ಳೋವಾಗ್ಲೂ ಸೀರೇನೇ ಕಣ್ರಮ್ಮಾ. ಅಂಥ ಸೊಸೆ ದೀಪ ಇಟ್ಕೊಂಡು ಹುಡುಕಿದ್ರೂ ಸಿಗಲ್ಲ," ಎಂದು ಹೇಳುವಳು. ಅದರಲ್ಲೂ ಬೇರಿಕೆ ಊರಿನಲ್ಲಿದ್ದ ತನ್ನ ತಂಗಿ ವೆಂಕಟಲಕ್ಷ್ಮಿ ಇದ್ದರಂತೂ ಎರಡು ಸಲ. ಆಗೆಲ್ಲ ನಾಗವೇಣಿ ತಲೆ ತಗ್ಗಿಸಿ ಎಲೆಯ ಮೇಲಿನ ಉಪ್ಪನ್ನೇ ನೋಡುತ್ತ ಕೂರುವಳು. ನೋಡಿದವರು ಎಂಥ ನಾಚಿಕೆಯ ಹೆಂಗಸು ಎಂದುಕೊಳ್ಳುತ್ತಿದ್ದರು.

ನಿಜ ಬೇರೆಯೇ ಇತ್ತು. ಭೂಮಿಕಾ ಹುಟ್ಟಿದಾಗ ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಒಂದು ನೈಟಿ ತೊಡಿಸಿದ್ದಳು. ಸೊಂಟಕ್ಕೆ ಬಿಗಿಯಿಲ್ಲ, ಗಂಟಿಲ್ಲ, ಮಗ್ಗುಲು ಬದಲಿಸಿದರೆ ಜಾರುವ ಸೆರಗಿಲ್ಲ. ಆ ಸುಖ ನಾಗವೇಣಿಗೆ ಮರೆಯಲಿಲ್ಲ. ಮಗುವಿಗೆ ಮೂರು ತುಂಬಿದ ವರ್ಷದ ಬೇಸಿಗೆಯಲ್ಲಿ, ಪೆಟ್ಟಿಗೆಯ ಅಡಿಯಿಂದ ಅದನ್ನು ತೆಗೆದು, ಕೋಣೆಯ ಅಗುಳಿ ಹಾಕಿ ತೊಟ್ಟಳು. ಅವತ್ತಿನಿಂದ ದಿನವೂ ಅದೇ. ಬೆಳಗಿನ ಐದಕ್ಕೆ ಹಿತ್ತಲ ಜಗುಲಿಯಲ್ಲಿ ಅತ್ತೆಯ ಕೆಮ್ಮು ಕೇಳಿಸಿದರೆ ಸಾಕು, ನೈಟಿ ದಿಂಬಿನ ಕೆಳಗೆ, ಸೀರೆ ಮೈಮೇಲೆ. ಒಗೆದು ಒಣಹಾಕುವಾಗ ಹಗ್ಗದ ಮೇಲೆ ಮೊದಲು ನೈಟಿ, ಅದರ ಮೇಲೆ ಸೀರೆ. ಇಪ್ಪತ್ತು ವರ್ಷ ಯಾರಿಗೂ ಸಿಕ್ಕಿಬೀಳಲಿಲ್ಲ. ಗಂಡನಿಗೆ ಗೊತ್ತು, ಮಗಳಿಗೆ ಗೊತ್ತು, ಹಗ್ಗಕ್ಕೆ ಗೊತ್ತು. ಅಷ್ಟೇ.

ಈಗ ಆರು ರಾತ್ರಿ ಒಂದು ಮೊಳ ದೂರದಲ್ಲಿ ಅತ್ತೆ. ನೈಟಿ ಹಾಕಿದರೆ ಇಪ್ಪತ್ತು ವರ್ಷದ ಸುಳ್ಳು ಅತ್ತೆಯ ಮುಂದೆ ಬಯಲಾಗುತ್ತದೆ, ಊರೂರಲ್ಲಿ ಹೊಗಳಿಕೊಂಡು ಬಂದವಳ ಮುಖಕ್ಕೆ ಹೊಡೆದ ಹಾಗಾಗುತ್ತದೆ. ಸೀರೆ ಉಟ್ಟು ಮಲಗಿದರೆ ಅವಳಿಗೆ ನಿದ್ದೆಯೇ ಹತ್ತದು. ಅತ್ತೆಯ ಹೆಮ್ಮೆ ಸಣ್ಣ ವಸ್ತುವಲ್ಲ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ನಾಗವೇಣಿಗೆ ಅದು ಬಂಗಾರಕ್ಕಿಂತ ಹೆಚ್ಚು. ಅದನ್ನು ಕಳೆದುಕೊಳ್ಳುವ ಭಯದಲ್ಲಿ ಅವಳು ಮಾದೇಶನ ಅಂಗಡಿಯಿಂದ ಒಂದು ನೈಟಿಯನ್ನೂ ಕೊಳ್ಳದೆ, ಮೈಗಂಟಿಕೊಳ್ಳುವ ಉಣ್ಣೆಯ ಒಳಉಡುಪು ಎರಡು ಜೊತೆ, ಎರಡು ಮಂಕಿ ಕ್ಯಾಪ್ ಕಟ್ಟಿಸಿಕೊಂಡು ಬಂದಳು.

ಭಾನುವಾರ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಪರೀಕ್ಷೆ ನಡೆಸಿದಳು. ಕೆಳಗೆ ಉಣ್ಣೆಯ ಉಡುಪು, ಅದರ ಮೇಲೆ ಸೀರೆ, ಅದರ ಮೇಲೆ ಸ್ವೆಟರ್, ತಲೆಗೆ ಮಂಕಿ ಕ್ಯಾಪ್. ಚಳಿ ಬರಲೆಂದು ಫ್ಯಾನನ್ನು ಐದಕ್ಕೆ ತಿರುಗಿಸಿ ಮಂಚದ ಮೇಲೆ ಉರುಳಿದಳು. ಹತ್ತು ನಿಮಿಷದಲ್ಲಿ ಬೆವರು. ಎಡಕ್ಕೆ ಹೊರಳಿದರೆ ಸೀರೆ ಬಲಕ್ಕೆ ಎಳೆಯುತ್ತದೆ, ಬಲಕ್ಕೆ ಹೊರಳಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಏಳಲು ಹೋಗಿ ದೊಪ್ಪನೆ ನೆಲಕ್ಕೆ ಬಿದ್ದಳು.

ಸದ್ದಿಗೆ ಒಳಬಂದ ಲಕ್ಷ್ಮೀಪತಿ ಒಂದು ಗಳಿಗೆ ಗುರುತೇ ಹಿಡಿಯಲಿಲ್ಲ. "ಏನೇ ಇದು! ಯೂರಿಯಾ ಮೂಟೆ ಬಿದ್ದಂಗಾಯ್ತು?"

"ನಗ್ಬೇಡ್ರೀ. ಅಲ್ಲಿ ಹೆಂಗೆ ಮಲಗೋದು ಅಂತ ನೋಡ್ತಾ ಇದ್ದೆ."

"ನೈಟಿ ಇಕ್ಕೊಂಡು ಮಲಗು. ಅವ್ವ ಏನ್ ನಿನ್ನ ಸಮುದ್ರಕ್ಕೆ ನೂಕ್ಬುಡ್ತಾಳಾ?"

"ನಿಮಗೇನ್ ಗೊತ್ತು?" ಎಂದಳು ನಾಗವೇಣಿ. ನೆಲದ ಮೇಲೆ ಕೂತಲ್ಲೇ ಕಣ್ಣು ತುಂಬಿತು. "ಅಷ್ಟು ಜನದ ಮುಂದೆ ನನ್ನ ಹೊಗಳ್ತಾರೆ ಕಣ್ರೀ ಅವ್ರು."

ಸಾಲದ್ದಕ್ಕೆ ಅವತ್ತೇ ಸಂಜೆ ಕಂಪನಿಯ ಸುರೇಂದ್ರನ ವಾಯ್ಸ್ ಮೆಸೇಜು ಬಂತು. ಪ್ರವಾಸಕ್ಕೆ ಹೊರಟವರನ್ನೆಲ್ಲ ಕರೆದೊಯ್ಯುವವನು ಅವನೇ. "ಅಮ್ಮಾ, ಮುಖ್ಯವಾದ ವಿಷಯ. ಅಲ್ಲಿ ಆಕಾಶದಲ್ಲಿ ಹಸಿರು ಬೆಳಕು ಕಾಣಿಸ್ತದೆ, ಅದನ್ನ ನೋಡೋಕೇ ಎಲ್ಲ ಹೋಗೋದು. ಯಾವ ಹೊತ್ತಲ್ಲಿ ಬರ್ತದೆ ಅಂತ ಹೇಳಕ್ಕಾಗಲ್ಲ. ಮೈಕಲ್ಲಿ ಕೂಗ್ತಾರೆ. ಮಲಗಿದ್ರೂ ಎದ್ದು, ಹಾಕಿರೋ ಬಟ್ಟೆ ಮೇಲೇ ಜಾಕೆಟ್ ಹಾಕ್ಕೊಂಡು ಮೇಲಕ್ಕೆ ಓಡಿ ಬಂದ್ಬಿಡ್ಬೇಕು. ಸೀರೆಗೀರೆ ಉಡ್ತಾ ಕೂತ್ರೆ ಬೆಳಕು ನಿಮಗೆ ಕಾಯ್ಕೊಂಡಿರಲ್ಲ. ಅದಕ್ಕೇ ರಾತ್ರಿ ಹಾಕೋ ಬಟ್ಟೆ ನಾಲ್ಕು ಜನ ನೋಡೋ ಹಂಗಿರ್ಲಿ."

ನಾಲ್ಕು ಜನ! ಆ ನಾಲ್ಕು ಜನದಲ್ಲಿ ರಾಯಕೋಟೆಯ ಪೈಪಿನಂಗಡಿಯ ಚಲಪತಿಯೂ ಒಬ್ಬ. ಅವನು ಬೇರಿಕೆಯ ವೆಂಕಟಲಕ್ಷ್ಮಿಯ ಅಳಿಯ. ಹಡಗಿನ ಮೇಲೆ ಹಾರಿದ ನೈಟಿಯ ಸುದ್ದಿ, ಹಡಗು ದಡ ಮುಟ್ಟುವ ಮೊದಲೇ ಬೇರಿಕೆ ಮುಟ್ಟುತ್ತದೆ. ನಾಗವೇಣಿ ಮೆಸೇಜನ್ನು ಮೂರು ಸಲ ಕೇಳಿ ಫೋನನ್ನು ಬೋರಲು ಹಾಕಿದಳು.

ಇದರ ಜೊತೆಗೆ ಅತ್ತೆಯ ಕೆಮ್ಮಿನ ಚಿಂತೆ ಬೇರೆ. ಅಂಜಿನಮ್ಮನ ಕೆಮ್ಮು ಆ ಮನೆಗೆ ಗಡಿಯಾರವಿದ್ದ ಹಾಗೆ. ಬೆಳಗಿನ ಐದಕ್ಕೆ ಸರಿಯಾಗಿ ಹಿತ್ತಲ ಜಗುಲಿಯಲ್ಲಿ ಖಳ್, ಖಳ್ ಎಂದು ಎರಡು ಸಲ. ಆಮೇಲೆ ಹಸುವಿಗೆ ಹುಲ್ಲು ಹಾಕಲು ಹೋಗುವಳು. ಎಷ್ಟೋ ವರ್ಷದಿಂದ ಅದಕ್ಕೆ ನಾಗವೇಣಿ ಮೆಣಸು, ಒಣಶುಂಠಿ, ಜೀರಿಗೆ ಪುಡಿಯ ಕಷಾಯ ಕಾಯಿಸಿ ದಿನವೂ ಒಂದು ಲೋಟ ಕುಡಿಸುತ್ತಿದ್ದಳು. ಅಂಜಿನಮ್ಮ ಮುಖ ಕಿವುಚಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಇಳಿಸಿ, "ಸಾಕಮ್ಮಿ, ಇವತ್ತು ಖಾರ ಜಾಸ್ತಿ," ಎನ್ನುವಳು. ಹಡಗಿನ ಚಳಿಗೆ ಕೆಮ್ಮು ಏರಿದರೆ ಗತಿಯೇನು ಎಂದು ನಾಗವೇಣಿ ಒಂದು ಡಬ್ಬದ ತುಂಬ ಕಷಾಯದ ಪುಡಿ ಕುಟ್ಟಿ ಸೂಟ್‌ಕೇಸಿಗೆ ಎಲ್ಲಕ್ಕಿಂತ ಮೊದಲು ಇಟ್ಟಿದ್ದಳು.

ವಿಮೆಯವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕೆಂದಾಗ ಅತ್ತೆಯನ್ನು ಹೊಸೂರಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಸೇಲಂ ಕಡೆಯವಳು, ಕನ್ನಡವನ್ನು ತಮಿಳಿನಲ್ಲಿ ಅದ್ದಿ ಮಾತಾಡುತ್ತಿದ್ದಳು. ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತಲೆದೂಗಿದಳು.

"ಪಾಟಿಗೆ, ಅಜ್ಜಿಗೆ, ಏನೂ ಇಲ್ಲ. ಎದೆ ನನಗಿಂತ ಚೆನ್ನಾಗಿದೆ."

"ಕೆಮ್ಮು ಐತಲ್ಲಾ ಡಾಕ್ಟ್ರೇ," ಎಂದಳು ನಾಗವೇಣಿ. "ಇಪ್ಪತ್ತು ವರ್ಷದ ಕೆಮ್ಮು. ದಿನಾ ಬೆಳಿಗ್ಗೆ."

"ಹೌದಾ? ಎಲ್ಲಿ ಪಾಟಿ, ಒಂದು ಸಲ ಕೆಮ್ಮಿ."

ಅಂಜಿನಮ್ಮ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಖಳ್, ಖಳ್ ಎಂದಳು. ಡಾಕ್ಟರಮ್ಮ ನಕ್ಕುಬಿಟ್ಟಳು. "ಇದೇನು ಕೆಮ್ಮು ಪಾಟಿ? ಯಾರದೋ ಮನೆ ಬಾಗಿಲು ತಟ್ಟಿದ ಹಂಗಿದೆ."

ಅಂಜಿನಮ್ಮ ನಗಲಿಲ್ಲ. "ಹೋಗಾನ ನಡಿಯಮ್ಮಿ, ಬಸ್ಸು ಹೋಗ್ಬುಡ್ತದೆ," ಎಂದು ಎದ್ದೇಬಿಟ್ಟಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ದಾರಿಯುದ್ದಕ್ಕೂ ಆ ಮಾತು ನಾಗವೇಣಿಯ ಕಿವಿಯಲ್ಲಿ ಕೂತುಬಿಟ್ಟಿತು. ಬಾಗಿಲು ತಟ್ಟಿದ ಹಾಗೆ. ಮನೆಗೆ ಬಂದವಳೇ ವನಿತಾಳಿಗೆ ಫೋನು ಮಾಡಿದಳು. ಅಂಜಿನಮ್ಮ ಆಗಾಗ ವಾರಗಟ್ಟಲೆ ಮಗಳ ಮನೆಯಲ್ಲಿ ಇದ್ದು ಬರುವುದುಂಟು.

"ಅಲ್ಲ ವನಿತಾ, ನಿಮ್ಮನೇಲಿ ಇದ್ದಾಗ ಅತ್ತೆಗೆ ಕೆಮ್ಮು ಹೆಂಗಿರ್ತದೆ?"

"ಕೆಮ್ಮಾ? ಅವ್ವನಿಗಾ?" ಎಂದಳು ವನಿತಾ. "ಒಂದಿನಾನೂ ಕೆಮ್ಮಿದ್ದು ನಾನು ಕಾಣೆ ಅತ್ತಿಗೆ. ಗೊರಕೆ ಮಾತ್ರ ಹೊಡೀತಾಳೆ, ಕೇಳೋಕಾಗಲ್ಲ."

ಮರುದಿನ ನಾಗವೇಣಿ ನಾಲ್ಕೂವರೆಗೇ ಎದ್ದು, ಸೀರೆ ಉಟ್ಟು, ತನ್ನ ಕೋಣೆಯ ಬಾಗಿಲು ತೆರೆದಿಟ್ಟು, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ಐದಕ್ಕೆ ಅಂಜಿನಮ್ಮ ಬಂದಳು. ಜಗುಲಿಯ ದೀಪ ಹಾಕಿದಳು. ಸೊಸೆಯ ಕೋಣೆಯ ಬಾಗಿಲ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡವಳು, ಬಾಗಿಲು ತೆರೆದಿರುವುದನ್ನೂ ಕಲ್ಲಿನ ಮೇಲೆ ಕೂತ ಸೊಸೆಯನ್ನೂ ನೋಡಿದಳು.

"ಎದ್ಬುಟ್ಟಾ ಆಗ್ಲೇ?" ಎಂದು ಕೇಳಿ ನೆಟ್ಟಗೆ ಹಸುವಿನ ಹತ್ತಿರ ನಡೆದಳು. ಕೆಮ್ಮಲಿಲ್ಲ. ಅವತ್ತು ಕಷಾಯವನ್ನು ಮಾತ್ರ ಎಂದಿನಂತೆ ಕಣ್ಣು ಮುಚ್ಚಿ ಕುಡಿದಳು.

ಅದರ ಮರುದಿನವೂ ಅಷ್ಟೇ. ಸೊಸೆ ಕಲ್ಲಿನ ಮೇಲೆ, ಅತ್ತೆಯ ಗಂಟಲು ತಣ್ಣಗೆ.

ಮೂರನೆಯ ದಿನ ನಾಗವೇಣಿ ಹೊರಗೆ ಹೋಗಲಿಲ್ಲ. ಅಗುಳಿ ಹಾಕಿದ ಬಾಗಿಲಿನ ಹಿಂದೆ, ನೈಟಿಯಲ್ಲೇ, ಕತ್ತಲಲ್ಲಿ ನಿಂತಳು. ಪಕ್ಕದಲ್ಲಿ ಲಕ್ಷ್ಮೀಪತಿ ಜಗತ್ತಿನ ಪರಿವೆಯಿಲ್ಲದೆ ಮಲಗಿದ್ದ. ಐದಕ್ಕೆ ಜಗುಲಿಯಲ್ಲಿ ಹೆಜ್ಜೆ ಸಪ್ಪಳ ಬಂತು. ಬಾಗಿಲಿಗೆ ಎರಡು ಮಾರು ದೂರದಲ್ಲಿ ನಿಂತಿತು.

ಖಳ್. ಖಳ್.

ಆಮೇಲೆ ಏನೂ ಇಲ್ಲ. ಹೆಜ್ಜೆ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಒಂದು ಸೀರೆ ಉಟ್ಟು ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಆ ಮುದುಕಿ ಚಳಿಯಲ್ಲಿ ಸುಮ್ಮನೆ ನಿಂತಿದ್ದಳು. ದಿನಾ ಹೀಗೇ ನಿಂತಿದ್ದಾಳೆ. ಇಪ್ಪತ್ತು ವರ್ಷ. ನಾಗವೇಣಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡರಲ್ಲಿ ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ. ಸೀರೆ ಗೂಟದ ಮೇಲಿತ್ತು. ಕೈ ಅದರ ಕಡೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ದೇವರ ಮೇಲೆ ಭಾರ ಹಾಕಿ ಅಗುಳಿ ತೆಗೆದಳು.

ಜಗುಲಿಯ ದೀಪದ ಬೆಳಕಿನಲ್ಲಿ ಅತ್ತೆ ಸೊಸೆ ಮುಖಾಮುಖಿ ನಿಂತರು. ನಾಗವೇಣಿಯ ಮೈಮೇಲೆ ತೊಳೆದು ತೊಳೆದು ಬಣ್ಣ ಹೋದ ನೀಲಿ ಹೂವಿನ ನೈಟಿ. ತೋಳಿನ ಹತ್ತಿರ ಒಂದು ಹೊಲಿಗೆ ಬಿಟ್ಟಿತ್ತು.

ಅಂಜಿನಮ್ಮ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಆ ಕೆಂಪಂದು ಏನಾಯ್ತು?" ಎಂದು ಕೇಳಿದಳು. "ಅದು ಚೆಂದಾಗಿತ್ತು ನಿಂಗೆ."

"ಅತ್ತೆ... ನಿಮಗೆ... ಯಾವಾಗಿಂದ?"

"ಹಗ್ಗ ನನ್ ಕಣ್ಣಿಗೆ ಕಾಣಲ್ವಾ? ಮಳೆ ಬಂದಾಗ ಬಟ್ಟೆ ತೆಗೀತಾ ಇದ್ದದ್ದು ಯಾರು ಅಂದ್ಕೊಂಡಿದ್ದೀಯಾ?" ಅಂಜಿನಮ್ಮ ಜಗುಲಿಯ ಕಟ್ಟೆಯ ಮೇಲೆ ಕೂತಳು. "ನೀನು ಮೊದಲ್ನೇ ಸಲ ಒಣಗಾಕಿದ ದಿನಾನೇ ಬೇರಿಕೆಯೋಳು ಬಂದಿದ್ಲು, ನಮ್ ವೆಂಕಟಲಕ್ಷ್ಮಿ. ಗಾಳಿಗೆ ಸೀರೆ ಸರಿದ್ಬುಟ್ಟಿತ್ತು. ಯಾರ್ದಕ್ಕಾ ಇದು ಅಂದ್ಲು. ಭೂಮಿಕಂದು ಅಂದೆ."

"ಭೂಮಿಕಂದಾ! ಅವ್ಳಿಗಾಗ ಮೂರು ವರ್ಷ ಅತ್ತೆ!"

"ಅದನ್ನೇ ಕೇಳಿದ್ಲು ಅವ್ಳೂನೂ. ಬೆಳೀಲಿ ಅಂತ ಒಸಿ ಉದ್ದಕ್ಕೆ ಹೊಲಿಸಿದ್ದೀವಿ ಅಂದೆ."

ನಾಗವೇಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗು ಬೆರಳುಗಳ ಸಂದಿನಿಂದ ಹೊರಕ್ಕೆ ಬಂತು. ಅಂಜಿನಮ್ಮನೂ ಕಟ್ಟೆ ಹಿಡಿದುಕೊಂಡು ಮೈ ಕುಲುಕಿಸಿ ನಕ್ಕಳು. ಹಸು ಅತ್ತ ಕಿವಿ ನಿಮಿರಿಸಿತು.

"ಅವ್ಳ ಬಾಯಿ ನಿಂಗೊತ್ತಲ್ಲಾ. ಒಂದು ಎಳೆ ಸಿಕ್ಕಿದ್ರೆ ಸಾಕು, ನಾಲ್ಕೂರಿಗೆ ಹರಡ್ತಾಳೆ. ಅದಕ್ಕೇ ಹೋದ ಕಡೆಯೆಲ್ಲ ನಾನೇ ಮೊದಲು ಸಾರ್ಬುಡ್ತಿದ್ದೆ, ನಮ್ ಸೊಸೆ ಸೀರೇನೇ ಅಂತ. ನಾನು ಹೇಳಿದ ಮೇಲೆ ಅವ್ಳೇನು ಮಾತಾಡ್ತಾಳೆ?"

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಅತ್ತೆ? ಒಂದೇ ಒಂದು ಸಲ?"

"ಹೇಳಿದ್ರೆ ನೀನು ನಾಚ್ಕೊಂಡು ಬುಟ್ಬುಡ್ತಿದ್ದೆ." ಅಂಜಿನಮ್ಮನ ನಗು ಇಳಿಯಿತು. ಸೆರಗನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಾನು ಈ ಮನೆಗೆ ಬಂದಾಗ ಹದಿನೇಳು ವರ್ಸ. ನಮ್ಮತ್ತೆ ಹೊತ್ತು ಗೊತ್ತಿಲ್ದೆ ಬಾಗ್ಲು ನೂಕ್ಕೊಂಡು ಬಂದ್ಬುಡೋಳು. ಸೀರೆ ಒಸಿ ಸಡಿಲ ಆಗಿದ್ರೂ ಬೈಗುಳ. ಎಷ್ಟು ವರ್ಸ ಸರಿಯಾಗಿ ನಿದ್ದೆ ಮಾಡ್ದೋಳಲ್ಲ ನಾನು. ನಮ್ಮತ್ತೆ ಒಂದಿನಾನೂ ಕೆಮ್ಮಿದೋಳಲ್ಲ ಕಣೆ."

ನಾಗವೇಣಿ ಅತ್ತೆಯ ಪಕ್ಕ ಕಟ್ಟೆಯ ಮೇಲೆ ಕೂತಳು. ಅತ್ತೆಯ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು.

"ಆದ್ರೂ ಒಂದು ಮಾತು," ಎಂದಳು ಅಂಜಿನಮ್ಮ, ಕೈಯನ್ನು ಬಿಡಿಸಿಕೊಳ್ಳದೆ. "ಇಪ್ಪತ್ತು ವರ್ಸ ನಿನ್ ಮೆಣಸಿನ ನೀರು ಕುಡ್ದಿದ್ದೀನಿ. ಹೊಟ್ಟೆಯೆಲ್ಲ ಬೆಂಕಿ. ಇವತ್ತಿಂದ ನಂಗೆ ಕಾಪಿ ಕೊಡು."

ಅಷ್ಟು ಹೊತ್ತಿಗೆ ಎದ್ದು ಬಾಗಿಲಿಗೆ ಬಂದ ಲಕ್ಷ್ಮೀಪತಿ, ಕಟ್ಟೆಯ ಮೇಲೆ ಅವ್ವನ ಪಕ್ಕ ನೈಟಿಯಲ್ಲಿ ಕೂತ ಹೆಂಡತಿಯನ್ನು ಕಂಡು, ಕನಸೋ ನನಸೋ ತಿಳಿಯದೆ, ಮತ್ತೆ ಒಳಗೆ ಹೋಗಿ ಹೊದ್ದುಕೊಂಡ.

ಆಮೇಲಿನದು ಸಲೀಸಾಗಿ ನಡೆಯಿತು. ನಾಗವೇಣಿ ಮಾದೇಶನ ಅಂಗಡಿಗೆ ಹೋಗಿ, ಈ ಸಲ ಬಾಗಿಲ ಕಡೆ ಒಮ್ಮೆಯೂ ನೋಡದೆ, ಕತ್ತಿನವರೆಗೂ ಗುಂಡಿಯಿರುವ ಫ್ಲಾನೆಲ್ ನೈಟಿ ಆರಿಸಿದಳು. ಕೆಂಪು ಬಣ್ಣದ್ದನ್ನೇ. ಅದರ ಜೊತೆಗೆ ಇನ್ನೊಂದು, ತಿಳಿಹಸಿರಿನದು, ಸ್ವಲ್ಪ ಗಿಡ್ಡನೆಯದು.

"ಇದು ಯಾರಿಗೆ ಅಕ್ಕಾ?" ಎಂದ ಮಾದೇಶ್.

"ನಮ್ಮತ್ತೆಗೆ," ಎಂದಳು ನಾಗವೇಣಿ, ಇಡೀ ಅಂಗಡಿಗೆ ಕೇಳುವ ಹಾಗೆ.

ಅಂಜಿನಮ್ಮ ಮಾತ್ರ ಹಸಿರು ನೈಟಿಯನ್ನು ಮುಟ್ಟಲೂ ಇಲ್ಲ. "ಥೂ, ಈ ವಯಸ್ನಾಗೆ ನಂಗ್ಯಾಕೆ ಅದು? ನಾನು ಸೀರೆ ಉಟ್ಕೊಂಡೇ ಮನಿಕೊಳ್ಳೋದು," ಎಂದು ಪೊಟ್ಟಣವನ್ನು ಕಾಲಿನಿಂದ ಅತ್ತ ಸರಿಸಿದಳು. "ನಂಗೆ ಅಭ್ಯಾಸ ಇಲ್ಲ ಕಣೆ. ಕಾಲಿಗೆ ಗಾಳಿ ಹೊಡೀತದೆ."

"ಕೆಳಗೆ ಉಣ್ಣೇದು ಹಾಕ್ಕೊಳ್ಳೋದು ಅಜ್ಜಿ," ಎಂದಳು ಭೂಮಿಕಾ.

"ನೀನು ಸುಮ್ಕಿರೇ. ಕಾಲೇಜಿಗೆ ಹೋಗೋವಾಗಿಂದ ಚಡ್ಡಿ ಇಕ್ಕೊಂಡು ಮನೆಯೆಲ್ಲ ಓಡಾಡೋಳು ನೀನು. ನಿಂದು ಬೇರೆ, ನಮ್ದು ಬೇರೆ."

"ಮೈಕಲ್ಲಿ ಕೂಗಿದಾಗ ಏನ್ ಮಾಡ್ತೀಯ? ನೀನು ನೆರಿಗೆ ಹಿಡಿಯೋದ್ರಾಗೆ ಆಕಾಶ ಖಾಲಿ ಆಗೋಗಿರ್ತದೆ."

ಆಮೇಲೆ ಅಂಜಿನಮ್ಮ ಹಸಿರು ಬೆಳಕಿನ ವಿಡಿಯೋವನ್ನು ಮೊಮ್ಮಗಳ ಫೋನಿನಲ್ಲಿ ಎರಡು ಸಲ ಕೇಳಿ ಹಾಕಿಸಿಕೊಂಡು ನೋಡಿದಳು.

ಹೊರಡುವ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕಾರಿಗೆ ಹೇಳಿತ್ತು. ರಾಜ್ಯದ ಗಡಿ ಜೂಜುವಾಡಿಯಲ್ಲಿ ಲಾರಿಗಳ ಸಾಲು ಸಿಕ್ಕಿದರೆ ಕಷ್ಟ ಎಂದು ಲಕ್ಷ್ಮೀಪತಿ ಬೆಳಗಿನಿಂದಲೇ ಗಡಿಬಿಡಿ ಮಾಡುತ್ತಿದ್ದ. ಅಂಗಡಿಯಲ್ಲಿ ಮೊಳೆ, ನಟ್ಟು ತೂಗುವ ಕೊಕ್ಕೆ ತಕ್ಕಡಿ ತಂದು ಸೂಟ್‌ಕೇಸು ನೇತುಹಾಕಿದ. "ಒಂದು ಕಿಲೋ ಜಾಸ್ತಿ ಐತೆ. ಏನಾನ ತೆಗೀರಿ."

ಅಂಜಿನಮ್ಮ ಮುಂದೆ ಬಂದಳು. ಸೂಟ್‌ಕೇಸು ಬಿಚ್ಚಿ, ಜಾಕೆಟ್ಟುಗಳ ಕೆಳಗೆ ಕೈ ಹಾಕಿ, ಎಲ್ಲಿದೆಯೆಂದು ಮೊದಲೇ ಗೊತ್ತಿದ್ದವಳ ಹಾಗೆ ಕಷಾಯದ ಪುಡಿಯ ಡಬ್ಬ ಎತ್ತಿ ಮಗನ ಕೈಗಿಟ್ಟಳು. "ಇದು ನಿಂಗೆ. ನಾವು ಬರೋಗಂಟ ದಿನಾ ಒಂದ್ ಲೋಟ ಕುಡಿ."

ತಕ್ಕಡಿಯ ಮುಳ್ಳು ಸರಿಯಾದ ಜಾಗಕ್ಕೆ ಬಂತು.

ಎರಡೂವರೆಯ ಹೊತ್ತಿಗೆ ಕಾರು ಮನೆಯ ಮುಂದೆ ಬಂದು ನಿಂತಿತು. ಲಕ್ಷ್ಮೀಪತಿ ಸಾಮಾನು ಹೊರಿಸತೊಡಗಿದ. ನಾಗವೇಣಿ ಗ್ಯಾಸು ಆರಿಸಿ, ದೇವರ ದೀಪಕ್ಕೆ ಎಣ್ಣೆ ಹಾಕಿ, ಅತ್ತೆಯನ್ನು ಹುಡುಕಿದಳು. ನಡುಮನೆಯಲ್ಲಿ ಇರಲಿಲ್ಲ. ಹಸುವಿನ ಹತ್ತಿರವೂ ಇರಲಿಲ್ಲ. ಭೂಮಿಕಾ ಕಣ್ಣಿನಲ್ಲೇ ಅಜ್ಜಿಯ ಕೋಣೆ ತೋರಿಸಿದಳು. ಹಸಿರು ನೈಟಿಯ ಪೊಟ್ಟಣ ಇಟ್ಟಿದ್ದ ಬೆಂಚು ಖಾಲಿಯಾಗಿತ್ತು.

ನಾಗವೇಣಿ ಆ ಬಾಗಿಲ ಹತ್ತಿರ ಬಂದಳು. ಹಗಲು ಹೊತ್ತಿನಲ್ಲಿ ಎಂದೂ ಹಾಕದ ಬಾಗಿಲು ಹಾಕಿತ್ತು. ಒಳಗೆ ಹೊಸ ಬಟ್ಟೆಯ ಸರಸರ ಸದ್ದು. ಬೀರುವಿನ ಕನ್ನಡಿಯ ಬಾಗಿಲು ಕಿರ್ರೆಂದಿತು. ಆಮೇಲೆ ಮುದುಕಿ ತನ್ನಷ್ಟಕ್ಕೆ ತಾನೇ, ತುಂಬ ಸಣ್ಣ ದನಿಯಲ್ಲಿ, "ಪರ್ವಾಗಿಲ್ಲ," ಎಂದಳು.

ಬೀದಿಯಲ್ಲಿ ಕಾರಿನವನು ಹಾರ್ನು ಹೊಡೆದ. ಬಾಗಿಲು ತಟ್ಟಲು ಎತ್ತಿದ ಕೈಯನ್ನು ನಾಗವೇಣಿ ಕೆಳಗಿಳಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಗಂಟಲು ಸರಿಮಾಡಿಕೊಂಡು, ಕೆಮ್ಮಿದಳು. ಎರಡು ಸಲ.

ಒಳಗೆ ಸರಸರ ಸದ್ದು ಜೋರಾಯಿತು. "ಇರೇ, ಇರು! ಬಂದೆ!"

"ನಿಧಾನಕ್ಕೆ ಬನ್ನಿ ಅತ್ತೆ," ಎಂದಳು ನಾಗವೇಣಿ. ಬಾಗಿಲಿಗೆ ಬೆನ್ನು ಹಾಕಿ, ಹಿತ್ತಲ ಕಡೆ ನೋಡುತ್ತ ನಿಂತಳು. ಹಗ್ಗದ ಮೇಲೆ ಬೆಳಿಗ್ಗೆ ಒಗೆದು ಹಾಕಿದ ನೀಲಿ ಹೂವಿನ ನೈಟಿ ಒಣಗುತ್ತಿತ್ತು. ಅದರ ಮೇಲೆ ಸೀರೆ ಇರಲಿಲ್ಲ. ಎರಡು ಕಡೆಯೂ ಕ್ಲಿಪ್ಪು ಹಾಕಿತ್ತು, ಗಾಳಿ ಬಂದಾಗಲೆಲ್ಲ ತೋಳುಗಳು ಮೇಲಕ್ಕೆದ್ದು ಇಳಿಯುತ್ತಿದ್ದವು.